ಕಿವಿ ನಟ್ಟಿನ ಗಾಡಿ

ಹಳೆ ಗಾಡಿ ಮಾರುವ ಧಂದೆಗೆ ಹೊಸದಾಗಿ ಇಳಿದ ಹುಡುಗರು ಆಗಾಗ ಚಿಕ್ಕೋಡಿಯ ನನ್ನ ಮನೆಗೆ ಬಂದು ಕೂರುತ್ತಾರೆ. ಕಾಕಾ, ಇದರಲ್ಲಿ ಎಷ್ಟು ಗಿಟ್ಟುತ್ತದೆ ಎಂಬುದೇ ಅವರ ಮೊದಲ ಪ್ರಶ್ನೆ. ಗಿಟ್ಟಿಸುವುದನ್ನು ಕಲಿಸಲು ನಾನು ಬೇಕಾಗಿಲ್ಲ, ಅದನ್ನು ಅವರು ತಾಯಿಯ ಹೊಟ್ಟೆಯಲ್ಲೇ ಕಲಿತು ಬಂದಿರುತ್ತಾರೆ. ಫೋನಿನಲ್ಲಿ ಫೋಟೋ ನೋಡಿ, ಫೋನಿನಲ್ಲೇ ದರ ಮಾತಾಡಿ, ಬಾನೆಟ್ ಎತ್ತದೆಯೇ ಗಾಡಿ ಮಾರಿಬಿಡುವ ಕಾಲ ಇದು. ಬೇಡವೆಂದರೆ ಕೇಳುವವರು ಯಾರು? ಆದರೆ ನನ್ನ ಕೆಲಸದ ದಿನಗಳಲ್ಲಿ ಒಂದು ಸಂಜೆ ಬಂದಿತ್ತು. ಮಾರಿದ ಗಾಡಿಯ ಬೆನ್ನು ಹತ್ತಿ ನಿಪ್ಪಾಣಿಯಿಂದ ಅಂಕಲಿಯವರೆಗೆ ಓಡಿದ ಸಂಜೆ ಅದು. ಈ ಧಂದೆಯಲ್ಲಿ ನಾನು ಕಲಿತದ್ದರಲ್ಲಿ ಹೇಳಿ ಹೋಗಬೇಕಾದದ್ದು ಏನಾದರೂ ಇದ್ದರೆ ಅದು ಆ ಸಂಜೆ ಕಲಿತದ್ದೇ. ಅದಕ್ಕೇ ಬರೆಯಲು ಕೂತಿದ್ದೇನೆ.

ಎಂಬತ್ತರ ದಶಕದ ಆರಂಭದಲ್ಲಿ ನಾನು ನಿಪ್ಪಾಣಿಯ ಹೆದ್ದಾರಿ ಬದಿಯಲ್ಲಿದ್ದ ತಾತ್ಯಾ ಅವರ ಅಡ್ಡೆಗೆ ಡ್ರೈವರ್ ಆಗಿ ಸೇರಿದೆ. ಮಾರಾಟಕ್ಕೆ ಬಂದ ಗಾಡಿಯನ್ನು ತರುವುದು, ಗಿರಾಕಿಗೆ ಓಡಿಸಿ ತೋರಿಸುವುದು, ಮಾರಿದ ಮೇಲೆ ಊರಿಗೆ ಮುಟ್ಟಿಸುವುದು ನನ್ನ ಕೆಲಸ. ತಾತ್ಯಾ ಮೂಲತಃ ದನದ ದಲ್ಲಾಳಿ. ಸಂತೆಯಲ್ಲಿ ಎತ್ತು ಕೊಡಿಸುತ್ತಿದ್ದವರು, ರೈತರು ಎತ್ತು ಬಿಟ್ಟು ಟ್ರ್ಯಾಕ್ಟರಿಗೆ ಹೊರಳಿದಾಗ ತಾವೂ ಹೊರಳಿದರು. ಮಾಲು ಬದಲಾಯಿತು, ಪದ್ಧತಿ ಹಳೆಯದೇ ಉಳಿಯಿತು. ದರವನ್ನು ಅವರು ಎಂದೂ ಬಾಯಿಂದ ಆಡಲಿಲ್ಲ. ಗಿರಾಕಿಯ ಕೈ ಹಿಡಿದು, ಮೇಲೆ ಹೆಗಲ ಟವೆಲ್ ಹೊದಿಸಿ, ಬೆರಳು ಒತ್ತಿ ತಿಳಿಸುತ್ತಿದ್ದರು. ಗಾಡಿಯ ಟೈರುಗಳನ್ನು ಎತ್ತಿನ ಹಲ್ಲು ನೋಡಿದಂತೆ ಬಗ್ಗಿ ನೋಡುತ್ತಿದ್ದರು. ಜೀಪು, ಅಂಬಾಸಿಡರ್, ಟೆಂಪೋ, ಲಾರಿ, ಟ್ರ್ಯಾಕ್ಟರ್ ಇವಿಷ್ಟೇ ಅವರ ಲೋಕ. ಅದರಾಚೆಗೆ ಗಾಡಿ ಇರುವುದು ಅವರಿಗೆ ಗೊತ್ತಿರಲಿಲ್ಲ, ನಮಗೂ ಅಷ್ಟೆ.

ಆದರೆ ತಾತ್ಯಾ ಮಾತಿಗೆ ತಪ್ಪುವವರಲ್ಲ. ಒಮ್ಮೆ ರಾಯಬಾಗದ ಕಡೆಯಿಂದ ಒಬ್ಬ ಜೀಪು ತಂದ. ಗೇರ್ ಬಾಕ್ಸು ಬೆಣ್ಣೆಯಂತೆ ಸದ್ದಿಲ್ಲದೆ ಓಡುತ್ತಿತ್ತು. ನಮ್ಮ ಮಿಸ್ತ್ರಿಗೆ ಅದೇ ಅನುಮಾನ. ಆಯಿಲ್ ಇಳಿಸಿ ಹಳೆ ಪೇಪರಿನ ಮೇಲೆ ಹರವಿ ನೋಡಿದರೆ ಒಳಗೆಲ್ಲ ಕಟ್ಟಿಗೆಯ ಹೊಟ್ಟು. ಸವೆದ ಹಲ್ಲಿನ ಸದ್ದು ಅಡಗಲಿ ಎಂದು ತುಂಬಿಸಿದ್ದ. ತಾತ್ಯಾ ಬೈಯಲಿಲ್ಲ. ಎತ್ತಿಗೆ ಸೆರೆ, ಸಾರಾಯಿ ಕುಡಿಸಿ ಸಂತೆಗೆ ತರುವವರನ್ನು ನೋಡಿದವನು ನಾನು, ಇದು ಯಾವ ಲೆಕ್ಕ ಎಂದು ಹೇಳಿ ಅವನಿಗೆ ಚಹಾ ಕುಡಿಸಿ ಕಳಿಸಿದರು. ಆ ಮನುಷ್ಯ ಮುಂದೆಂದೂ ನಮ್ಮ ಅಡ್ಡೆಯ ಮುಂದೆ ಹಾಯಲಿಲ್ಲ.

ನಗುವ ಪ್ರಸಂಗಗಳೂ ಇದ್ದವು. ಅಥಣಿಯ ವಕೀಲರೊಬ್ಬರಿಗೆ ಅಂಬಾಸಿಡರ್ ಮಾರಿದೆವು. ಅದು ತಂಬಾಕು ವ್ಯಾಪಾರಿಯೊಬ್ಬರ ಗಾಡಿ, ವರ್ಷಗಟ್ಟಲೆ ತಂಬಾಕಿನ ಮಾದರಿ ಚೀಲ ಹೊತ್ತು ತಿರುಗಿದ್ದು. ನಿಪ್ಪಾಣಿಯ ಮೂಗಿಗೆ ಆ ವಾಸನೆ ತಿಳಿಯುವುದೇ ಇಲ್ಲ. ವಕೀಲರ ಮನೆಯವರೆಲ್ಲ ಸೀನಿ ಸೀನಿ ಸುಸ್ತಾಗಿ ಗಾಡಿ ಹಿಂದಕ್ಕೆ ತಂದರು. ಸೀಟು ಬಿಚ್ಚಿ ತೊಳೆದೆವು, ಬಿಸಿಲಿಗೆ ಒಣಗಿಸಿದೆವು, ಊದುಬತ್ತಿ ಹಚ್ಚಿದೆವು. ಹೋಗಲಿಲ್ಲ. ಕೊನೆಗೆ ಇನ್ನೊಬ್ಬ ತಂಬಾಕು ವ್ಯಾಪಾರಿ ಬಂದು, ಒಳಗೆ ಕೂತು, ಮನೆಗೆ ಬಂದಂತಾಯಿತು ಎಂದು ಒಯ್ದ. ಯಾವ ಗಾಡಿ ಯಾರಿಗೆ ಎಂಬುದಕ್ಕೂ ಋಣ ಬೇಕು.

ಈಗ ಹೇಳಿದ ಮಿಸ್ತ್ರಿಯೇ ಇಸ್ಮಾಯಿಲ್ ಚಾಚಾ. ಲಾರಿ ಲೈನಿನಲ್ಲಿ ಪಳಗಿದ ಕೈ. ಹೆದ್ದಾರಿಯಲ್ಲಿ ಪುಣೆಯಿಂದ ಬರುವ ಲಾರಿಗಳು ಅವರ ಗ್ಯಾರೇಜು ತೆರೆಯುವ ತನಕ ಕಾದು ನಿಲ್ಲುತ್ತಿದ್ದವು. ಮಾತು ಕಡಿಮೆ, ಚಹಾ ಜಾಸ್ತಿ. ಅವರಿಗೊಂದು ರೂಢಿಯಿತ್ತು. ಗಾಲಿಯ ನಟ್ಟು ಬಿಗಿದ ಮೇಲೆ ನಟ್ಟಿನಿಂದ ಗಾಲಿಯವರೆಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತಿದ್ದರು. ಗಾಡಿ ಓಡಿ ಬಂದ ಮೇಲೂ ಗೆರೆ ಒಂದೇ ಸಾಲಿನಲ್ಲಿದ್ದರೆ ನಟ್ಟು ಜರುಗಿಲ್ಲ ಎಂದರ್ಥ. ಚಾಚಾ ಗೆರೆ ಎಳೆದ ಗಾಡಿ ಎಂದರೆ ಗಿರಾಕಿಗಳು ಬೇರೆ ಮಿಸ್ತ್ರಿಯನ್ನು ಕರೆತರುತ್ತಿರಲಿಲ್ಲ.

ಆ ಕಾರು ಬಂದದ್ದು ಎಂಬತ್ತರ ದಶಕ ಮುಗಿಯುತ್ತ ಬಂದಾಗ. ಕೊಲ್ಹಾಪುರದ ಹಿರಿಯ ವ್ಯಾಪಾರಿಯೊಬ್ಬರು ತೀರಿಕೊಂಡಿದ್ದರು. ಮಕ್ಕಳು ಅವರ ಎರಡು ಲಾರಿ ಮಾರಲು ತೆಗೆದರು. ಲಾರಿ ಒಯ್ಯುವವರು ಶೆಡ್ಡಿನಲ್ಲಿರುವ ಇದನ್ನೂ ಒಯ್ಯಬೇಕು ಎಂಬುದು ಅವರ ಕರಾರು. ಇದು ಎಂದರೆ ವಿಲಾಯತಿಯ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೇಲೆ ಟಾಪಿಲ್ಲ, ಎತ್ತರ ನಮ್ಮ ಸೊಂಟದಷ್ಟು. ಗಾಲಿಗಳಿಗೆ ಸೈಕಲ್ಲಿನ ಹಾಗೆ ತಂತಿಯ ಕಡ್ಡಿಗಳು. ಎಲ್ಲಕ್ಕಿಂತ ವಿಚಿತ್ರವೆಂದರೆ ಪ್ರತಿ ಗಾಲಿಗೂ ನಡುವೆ ಒಂದೇ ಒಂದು ದೊಡ್ಡ ನಟ್ಟು, ಆ ನಟ್ಟಿಗೆ ಎರಡು ಕಿವಿ. ಡಿಕ್ಕಿಯಲ್ಲಿ ಒಂದು ತಾಮ್ರದ ಸುತ್ತಿಗೆ ಇತ್ತು. ಆ ಕಿವಿಗೆ ಅದರಿಂದ ಹೊಡೆದು ನಟ್ಟು ಬಿಗಿಯಬೇಕೆಂದು ಚಾಚಾ ನೋಡಿಯೇ ಹೇಳಿದರು. ಬಾನೆಟ್ಟಿನ ಮೇಲಿನ ಹೆಸರನ್ನು ತಾತ್ಯಾ ಓದಲು ನೋಡಿ ಬಿಟ್ಟರು. ಅಡ್ಡೆಯಲ್ಲಿ ಅದಕ್ಕೆ ಕಿವಿ ನಟ್ಟಿನ ಗಾಡಿ ಎಂದೇ ಹೆಸರಾಯಿತು. ಲಾರಿಗಳು ಬೇಗ ಹೋದವು. ಇದು ಮಾತ್ರ ನಿಂತೇ ಇತ್ತು. ಬಂದವರೆಲ್ಲ ಒಮ್ಮೆ ಕೂತು ನೋಡಿ, ನಕ್ಕು, ಜೀಪು ಒಯ್ಯುತ್ತಿದ್ದರು.

ಶೇಡಬಾಳದ ಜಿನ್ನಪ್ಪಣ್ಣ ಮತ್ತು ಅತ್ತಿಗೆ ಎಂಬರ್ಥದಲ್ಲಿ ನಾವು ವೈನಿ ಎನ್ನುತ್ತಿದ್ದ ಅವರ ಹೆಂಡತಿ ಸುನಂದಾ ನಮ್ಮಲ್ಲಿಗೆ ಗಾಡಿ ಕೊಳ್ಳಲು ಬಂದವರಲ್ಲ. ಹಾಲಿನ ಟೆಂಪೋದ ಹಿಂದೆ, ಕ್ಯಾನುಗಳ ನಡುವೆ ಕೂತು ನಿಪ್ಪಾಣಿಗೆ ಬಂದಿದ್ದರು. ಹೊಲಮನೆ ಇದ್ದ ಜೈನ ಮನೆತನ, ಬಸ್ಸಿಗೆ ದುಡ್ಡಿಲ್ಲದವರೇನಲ್ಲ. ಚಹಾದಂಗಡಿಯ ಮುಂದೆ ಜಿನ್ನಪ್ಪಣ್ಣ ತಾತ್ಯಾಗೆ ತಗ್ಗಿದ ದನಿಯಲ್ಲಿ ಕಾರಣ ಹೇಳಿದರು. ವೈನಿಗೆ ಎದೆಯ ಬೇನೆಯಾಗಿ ಬಹಳ ಕಾಲ ದವಾಖಾನೆಯಲ್ಲಿದ್ದರು. ಬದುಕಿ ಮನೆಗೇನೋ ಬಂದರು, ಆದರೆ ಅಂದಿನಿಂದ ಮುಚ್ಚಿದ ಜಾಗ ಎಂದರೆ ಆಗುವುದಿಲ್ಲ. ಬಸ್ಸಿನಲ್ಲಿ ಕೂತರೆ ಉಸಿರು ಕಟ್ಟುತ್ತದೆ, ಕಾರಿನ ಗಾಜು ಇಳಿಸಿದರೂ ಬೆವರುತ್ತಾರೆ. ತವರಿಗೆ ಹೋಗದೆ, ಮದುವೆ ಮುಂಜಿಗೆ ಹೋಗದೆ, ಬಸದಿಗೆ ಮಾತ್ರ ನಡೆದು ಹೋಗಿ ಬರುತ್ತ ಮನೆಯಲ್ಲೇ ಉಳಿದಿದ್ದರು.

ನಾವು ಮಾತಾಡುವಾಗ ವೈನಿ ಒಬ್ಬರೇ ಆ ಕಾರಿನ ಸುತ್ತ ತಿರುಗಿದರು. ಆಮೇಲೆ ಬಾಗಿಲು ತೆರೆದು ಒಳಗೆ ಕೂತು, ಸೆರಗು ಸರಿ ಮಾಡಿಕೊಂಡು, ಮುಖ ಮೇಲೆತ್ತಿ ಆಕಾಶ ನೋಡಿದರು. ತಾತ್ಯಾಗೆ ಗಾಬರಿಯಾಯಿತು. ಟಾಪಿಲ್ಲದ್ದನ್ನು ದೋಷವೆಂದು ತಿಳಿದಾರೆಂದು ಓಡಿ ಹೋಗಿ, ಕೊಲ್ಹಾಪುರದಿಂದ ಇದರ ಟಾಪಿನ ಬಟ್ಟೆ ತರಿಸಿ ಕೊಡುತ್ತೇನೆ, ಜೀಪಿನಂತೆ ಮುಚ್ಚಬಹುದು ಎಂದರು.

"ಮುಚ್ಚಬ್ಯಾಡ್ರಿ," ಎಂದರು ವೈನಿ. "ಹಿಂಗ ಇರ್ಲಿ."

ಜಿನ್ನಪ್ಪಣ್ಣ ಹೆಂಡತಿಯ ಮುಖ ನೋಡಿದರು. ಆಮೇಲೆ ತಾತ್ಯಾನ ಟವೆಲ್ಲಿನ ಕೆಳಗೆ ಕೈ ಇಟ್ಟರು. ಅಷ್ಟು ಬೇಗ ಮುಗಿದ ವ್ಯವಹಾರವನ್ನು ನಾನು ಮತ್ತೆ ನೋಡಿಲ್ಲ. ನಿಮ್ಮ ಕಡೆಯ ಮಿಸ್ತ್ರಿಯನ್ನು ಕರೆತಂದು ತೋರಿಸಿರಿ ಎಂದು ತಾತ್ಯಾ ತಮ್ಮ ಧರ್ಮವೆಂದು ಹೇಳಿದರು. ಇಸ್ಮಾಯಿಲ್ ಮಿಸ್ತ್ರಿ ಗೆರೆ ಎಳೆದರೆ ಸಾಕು, ನನಗೆ ಬೇರೆ ಯಾರೂ ಬೇಡ ಎಂದರು ಜಿನ್ನಪ್ಪಣ್ಣ. ವಾರದಲ್ಲಿ ಗಾಡಿ ತಯಾರು ಮಾಡಿ ಕೊಡುವುದೆಂದಾಯಿತು.

ಇಲ್ಲಿಂದ ನಮ್ಮ ತಪ್ಪು ಶುರುವಾಗುತ್ತದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಟ್ಟಿನ ಒಳಗಿನ ಸುತ್ತುಗೆರೆಗೆ ನಾವು ಆಟೆ ಎನ್ನುತ್ತೇವೆ. ಸಾಮಾನ್ಯ ನಟ್ಟು ಬಲಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಉಲ್ಟಾ ಆಟೆಯದು ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ನಮ್ಮ ಕಾಲದ ಲಾರಿಗಳಲ್ಲಿ ಎಡಗಡೆಯ ಗಾಲಿಗಳಿಗೆ ಉಲ್ಟಾ ಆಟೆ, ಬಲಗಡೆಗೆ ಸೀದಾ ಆಟೆ. ಗಾಲಿ ತಿರುಗುವ ರಭಸಕ್ಕೆ ನಟ್ಟು ಸಡಿಲಾಗದಿರಲಿ ಎಂದು ಹಾಗೆ ಮಾಡಿರುತ್ತಾರೆ. ಲಾರಿ ಲೈನಿನಲ್ಲಿ ಇದು ಮೊದಲ ಪಾಠ. ನಟ್ಟು ಬಿಚ್ಚಲು ಬಾರದವನಿಗೂ ಇದು ಗೊತ್ತು.

ಚಾಚಾ ಕಿವಿ ನಟ್ಟು ಬಿಚ್ಚಿದಾಗ ಇಲ್ಲಿ ಎಲ್ಲ ತಿರುಗುಮುರುಗಾಗಿತ್ತು. ಎಡಕ್ಕೆ ಸೀದಾ ಆಟೆ, ಬಲಕ್ಕೆ ಉಲ್ಟಾ ಆಟೆ. ನಟ್ಟುಗಳ ಮೇಲೆ ಏನೋ ಕೆತ್ತಿದ್ದರು, ತಿಕ್ಕಿ ತಿಕ್ಕಿ ಪಾಲಿಶ್ ಮಾಡಿ ಅಕ್ಷರ ಅಳಿಸಿ ಹೋಗಿತ್ತು. ಚಾಚಾ ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತು ನೋಡಿದರು. ಹಿಂದೆ ಯಾವನೋ ಅಡ್ನಾಡಿ ಮಿಸ್ತ್ರಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ್ದಾನೆ ಎಂದು ತೀರ್ಮಾನಿಸಿದರು. ಗಾಲಿ ಕೂರುವ ಹಬ್‌ಗಳನ್ನು ನಾಲ್ಕೂ ಕಡೆ ಬಿಚ್ಚಿ, ಎರಡು ದಿನ ಬೆವರು ಹರಿಸಿ, ಲಾರಿಯ ಪ್ರಕಾರ ಸರಿ ಮಾಡಿದರು. ಕಾಸು ಕೇಳಲಿಲ್ಲ. ಹೆಣ್ಣುಮಗಳು ಕೂರುವ ಗಾಡಿ, ತಪ್ಪಿನಲ್ಲಿ ಹೋಗಬಾರದು ಎಂದರು. ತಾತ್ಯಾ ನೋಡಿ ಮೆಚ್ಚಿದರು, ನಾನೂ ಮೆಚ್ಚಿದೆ. ಕೊಲ್ಹಾಪುರ ಒಂದು ಬಸ್ಸಿನಷ್ಟು ದೂರ. ಆ ಗಾಡಿಯನ್ನು ಇಷ್ಟು ಕಾಲ ಓಡಿಸಿದ ಡ್ರೈವರ್ ಇನ್ನೂ ಬದುಕಿದ್ದ. ಒಂದು ಮಾತು ಕೇಳೋಣ ಎಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಗೊತ್ತಿಲ್ಲದವನು ಕೇಳುತ್ತಾನೆ, ಬಹಳ ಗೊತ್ತಿದ್ದವನು ಕೇಳುವುದಿಲ್ಲ.

ಗಾಡಿ ಕೊಡುವ ದಿನ ಜಿನ್ನಪ್ಪಣ್ಣ ಮತ್ತು ವೈನಿ ಮಧ್ಯಾಹ್ನಕ್ಕೆ ಬಂದರು. ಕಾಗದಪತ್ರ ಮುಗಿದು ತೆಂಗಿನಕಾಯಿ ಒಡೆಯುವಷ್ಟರಲ್ಲಿ ಮೂರು ಗಂಟೆ ದಾಟಿತ್ತು. ತಾತ್ಯಾ ರಾತ್ರಿಯ ಊಟಕ್ಕೆ ನಿಲ್ಲಿರೆಂದರು. ಜೈನರು, ಹೊತ್ತು ಮುಳುಗುವುದರೊಳಗೆ ಉಣ್ಣಬೇಕಾದವರು, ದಾರಿಯಲ್ಲಿ ನೋಡಿಕೊಳ್ಳುತ್ತೇವೆ ಎಂದು ಜಿನ್ನಪ್ಪಣ್ಣ ಒಪ್ಪಲಿಲ್ಲ. ವೈನಿ ತಲೆಗೆ ಸೆರಗು ಬಿಗಿಯಾಗಿ ಸುತ್ತಿಕೊಂಡು ಕೂತರು. ಕಾರು ಚಿಕ್ಕೋಡಿ ರಸ್ತೆಗೆ ಹೊರಳುವಾಗ ಅವರು ಒಮ್ಮೆ ಹಿಂದಿರುಗಿ ನಮ್ಮತ್ತ ನೋಡಿ ನಕ್ಕರು. ಅಷ್ಟು ದಿನದಲ್ಲಿ ಅವರು ನಕ್ಕಿದ್ದನ್ನು ನಾನು ಕಂಡದ್ದು ಆಗಲೇ.

ಅವರು ಹೋಗಿ ಎರಡು ಚಹಾ ಆಗುವಷ್ಟು ಹೊತ್ತಾಗಿತ್ತು. ಕೊಲ್ಹಾಪುರದ ಬಸ್ಸಿನಿಂದ ಒಬ್ಬ ಮುದುಕ ಬಗಲಲ್ಲಿ ಬಟ್ಟೆಯ ಸುರುಳಿ ಹಿಡಿದು ಇಳಿದ. ಆ ಕಾರಿನ ಹಳೆಯ ಡ್ರೈವರ್ ಬಾಬುರಾವ್. ವೈನಿ ಬೇಡವೆಂದರೂ ಮಳೆಗಿರಲಿ ಎಂದು ತಾತ್ಯಾ ಹೇಳಿಕಳಿಸಿದ್ದ ಟಾಪಿನ ಬಟ್ಟೆಯನ್ನು ಬೆಳಿಗ್ಗೆಯೇ ತರಬೇಕಿತ್ತು, ಬಸ್ಸು ತಪ್ಪಿ ತಡವಾಗಿತ್ತು. ಗಾಡಿ ಹೋಯಿತೆಂದು ಕೇಳಿ ಅವನ ಮುಖ ಸಪ್ಪಗಾಯಿತು. ಕಡೆಯ ಸಲ ಮುಟ್ಟಿ ನೋಡಬೇಕೆಂದಿದ್ದನಂತೆ. ಅಷ್ಟರಲ್ಲಿ ಚಾಚಾನ ಕಟ್ಟೆಯ ಮೇಲೆ ಉಳಿದಿದ್ದ ತಾಮ್ರದ ಸುತ್ತಿಗೆ ಅವನ ಕಣ್ಣಿಗೆ ಬಿತ್ತು. ಇದನ್ನು ಬಿಟ್ಟು ಗಾಡಿ ಹೇಗೆ ಕಳಿಸಿದಿರಿ ಎಂದು ಮರಾಠಿಯಲ್ಲಿ ಕೇಳಿದ. ಚಾಚಾ ನಗುತ್ತ, ಈಗ ಆ ಸುತ್ತಿಗೆಯ ಅಗತ್ಯವಿಲ್ಲ, ನಿಮ್ಮ ಮಿಸ್ತ್ರಿ ಹಬ್‌ಗಳನ್ನು ತಿರುಗುಮುರುಗು ಹಾಕಿದ್ದ, ನಾನು ಎಲ್ಲ ಸರಿ ಮಾಡಿದ್ದೇನೆ ಎಂದು ವಿವರಿಸಿದರು.

ಬಾಬುರಾವ್ ಟಾಪಿನ ಸುರುಳಿಯನ್ನು ನೆಲಕ್ಕಿಟ್ಟ. ಕಂಪನಿಯಿಂದ ಬಂದದ್ದೇ ಹಾಗೆ, ಯಾರೂ ಹಬ್ ಮುಟ್ಟಿರಲಿಲ್ಲ ಎಂದ. ಲಾರಿಯ ಗಾಲಿಯನ್ನು ಸುತ್ತ ಹಲವು ಸಣ್ಣ ನಟ್ಟು ಹಿಡಿದಿರುತ್ತವೆ. ಇಲ್ಲಿ ನಡುವಿನ ಒಂದೇ ನಟ್ಟು ಇಡೀ ಗಾಲಿಯನ್ನು ಹಿಡಿಯುತ್ತದೆ, ಅದರ ಲೆಕ್ಕವೇ ಬೇರೆ. ಸರಿಯಾದ ಬದಿಯಲ್ಲಿದ್ದರೆ ಓಡಿದಷ್ಟೂ ಬಿಗಿಯುತ್ತದೆ, ಬದಿ ಬದಲಾದರೆ ಓಡಿದಷ್ಟೂ ಬಿಚ್ಚುತ್ತದೆ. ಅವನು ಇಷ್ಟು ಹೇಳಿ ಮುಗಿಸಿದ. ಚಾಚಾ ಕೈಯಲ್ಲಿದ್ದ ಚಹಾ ಕೆಳಗಿಟ್ಟು, ಸುತ್ತಿಗೆ ತೆಗೆದುಕೊಂಡು ಎದ್ದರು.

ತಾತ್ಯಾ ಚಿಕ್ಕೋಡಿಯ ಪೆಟ್ರೋಲ್ ಪಂಪಿಗೆ ಫೋನ್ ಮಾಡಲು ಓಡಿದರು. ಓಡುವ ಮುಂಚೆ ನನ್ನನ್ನು ಬದಿಗೆ ಕರೆದು, ಸುತ್ತಿಗೆ ಕೊಡಲು ಬಂದೆವೆಂದು ಹೇಳಿರಿ, ಸದ್ದಿಲ್ಲದೆ ಬಿಗಿದು ಕೊಟ್ಟು ಬನ್ನಿರಿ, ಅಡ್ಡೆಯ ಹೆಸರಿನ ಪ್ರಶ್ನೆ ಎಂದರು. ನಾನು ತಲೆಯಾಡಿಸಿ ತಾತ್ಯಾನ ಬುಲೆಟ್ ಒದ್ದೆ. ಚಾಚಾ ಹಿಂದೆ ಕೂತರು.

ಕಬ್ಬಿನ ಹಂಗಾಮು ಅದು. ರಸ್ತೆ ತುಂಬ ಫ್ಯಾಕ್ಟರಿಗೆ ಹೊರಟ ಟ್ರ್ಯಾಕ್ಟರುಗಳು, ಬಂಡಿಗಳು. ಒಂದನ್ನು ದಾಟಿದರೆ ಮುಂದೆ ಇನ್ನೊಂದು. ಎದುರಿಗೆ ಜನ ಗುಂಪುಗೂಡಿದ್ದು ಕಂಡಾಗಲೆಲ್ಲ ಕಾರು ಬಿದ್ದಿದೆಯೆಂದೇ ಅನಿಸುತ್ತಿತ್ತು. ಹತ್ತಿರ ಹೋದರೆ ಬಿದ್ದ ಕಬ್ಬು ಆಯುವವರೋ, ಬಸ್ಸಿಗೆ ನಿಂತವರೋ. ಕಾರನ್ನು ಯಾರೂ ಕಾಣದೆ ಇರುವ ಪ್ರಶ್ನೆಯೇ ಇರಲಿಲ್ಲ. ಅಂಥ ಗಾಡಿ ಆ ರಸ್ತೆಯಲ್ಲಿ ಹಿಂದೆಂದೂ ಹಾಯ್ದಿರಲಿಲ್ಲ. ಕೇಳಿದವರೆಲ್ಲ ಕೈ ಮುಂದಕ್ಕೆ ತೋರಿಸಿದರು.

ಚಿಕ್ಕೋಡಿಯ ಪಂಪಿಗೆ ತಾತ್ಯಾನ ಫೋನು ತಲುಪಿತ್ತು, ಆದರೆ ಕಾರು ದಾಟಿ ಹೋದ ಮೇಲೆ. ಪಂಪಿನ ಮುಂದಿನ ಬಾಳೆಹಣ್ಣಿನವ, ಆ ಕುಳ್ಳ ಗಾಡಿ ಹೋಗುವಾಗ ಗಾಲಿಯಲ್ಲಿ ಕಟಕ್ ಕಟಕ್ ಸದ್ದು ಬರುತ್ತಿತ್ತು ಎಂದ. ನಾನು ಬುಲೆಟ್ ಮತ್ತೆ ಒದೆಯುವಷ್ಟರಲ್ಲಿ ಚಾಚಾ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಶಿವಾ, ನಿನ್ನೆ ಸ್ತವನಿಧಿ ಘಾಟಿನ ತನಕ ಓಡ್ಸಿ ತಂದಾಗ ನಾಕೂ ಗೆರಿ ಜರಗಿದ್ವು. ಹೊಸಾದಾಗಿ ಕೂಡ್ರಾಕತ್ತೈತಿ ಅಂತ ಅನ್ಕೊಂಡು ಅಳಿಸಿ ಮತ್ತ ಎಳದೆ."

ನಾನು ಬುಲೆಟ್ ಒದ್ದೆ. ಜೀವಮಾನವಿಡೀ ನಂಬಿದ ಗೆರೆ ಅವರಿಗೆ ಸತ್ಯವನ್ನೇ ತೋರಿಸಿತ್ತು, ಅವರು ಲಾರಿಯ ಪಾಠವನ್ನು ನಂಬಿದರು.

ಅಂಕಲಿ ದಾರಿಯಲ್ಲಿ ಹೊತ್ತು ಇಳಿಯತೊಡಗಿತು. ಅಂಕಲಿ ದಾಟಿದರೆ ಕೃಷ್ಣಾ ಹೊಳೆ, ಹೊಳೆಯ ಮೇಲೆ ಸೇತುವೆ, ಆಚೆಗೆ ಮಾಂಜರಿ, ಕಾಗವಾಡ, ಶೇಡಬಾಳ. ಸೇತುವೆಯ ಮೇಲೆ ಗಾಲಿ ಕಳಚಿದರೆ ಏನಾಗುತ್ತದೆಂದು ಯೋಚಿಸಬಾರದೆಂದರೂ ಅದೇ ಯೋಚನೆ. ವೈನಿ ತಿರುಗಿ ನಕ್ಕದ್ದು ಕಣ್ಣ ಮುಂದೆ ಬರುತ್ತಿತ್ತು. ಆಗ, ಕೆಂಪಗಾದ ಸೂರ್ಯನನ್ನು ನೋಡಿ ನನಗೆ ಥಟ್ಟನೆ ನೆನಪಾಯಿತು. ಅವರು ಹೊತ್ತು ಮುಳುಗುವ ಮುಂಚೆ ಉಣ್ಣಬೇಕಾದವರು. ಶೇಡಬಾಳ ಮುಟ್ಟುವಷ್ಟರಲ್ಲಿ ಹೇಗೂ ಕತ್ತಲಾಗುತ್ತದೆ. ಹಾಗಾದರೆ ಹೊಳೆ ದಾಟುವ ಮುಂಚೆಯೇ ಯಾವುದೋ ನೆಂಟರ ಮನೆಯಲ್ಲಿ ನಿಂತಿರಬೇಕು. ನಿಂತಿರಲಿ ದೇವರೇ ಎಂದುಕೊಂಡು ಅಂಕಲಿಯ ಊರೊಳಗೆ ಹೊರಳಿಸಿದೆ. ಬಸದಿಯ ಮುಂದೆ ಕೂತಿದ್ದ ಹಿರಿಯರೊಬ್ಬರು, ಜಿನ್ನಪ್ಪನ ಅಕ್ಕನ ಮನೆ ಮುಂದಿನ ಓಣಿಯಲ್ಲಿದೆ, ಅಲ್ಲೇ ಊರ ಹುಡುಗರೆಲ್ಲ ಸೇರಿದ್ದಾರೆ ಹೋಗಿರಿ ಎಂದರು.

ಕಾರು ಆ ಮನೆಯ ಮುಂದೆ ನಿಂತಿತ್ತು. ಸೂರ್ಯ ಆಗಷ್ಟೇ ಮುಳುಗಿದ್ದ. ಜಿನ್ನಪ್ಪಣ್ಣ ಉಂಡು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು, ಬೀಗದ ಕೈ ಬೆರಳಲ್ಲಿತ್ತು. ಹಿಂದೆಯೇ ವೈನಿ. ನಮ್ಮನ್ನು ನೋಡಿ ಅವರಿಗೆ ಅಚ್ಚರಿ. ಸುತ್ತಿಗೆ ಮರೆತಿದ್ದಿರಿ ಎಂಬ ಮಾತು ನನ್ನ ತುದಿನಾಲಗೆಗೆ ಬಂದಿತ್ತು. ಚಾಚಾ ಯಾರ ಮುಖವನ್ನೂ ನೋಡದೆ ಎಡಗಡೆಯ ಮುಂದಿನ ಗಾಲಿಯ ಹತ್ತಿರ ಹೋಗಿ ಮಣಕಾಲೂರಿದರು. ಸುತ್ತಿಗೆ ಬೇಕಾಗಲಿಲ್ಲ. ಆ ದೊಡ್ಡ ನಟ್ಟು ಎರಡು ಬೆರಳಿಗೇ ತಿರುಗಿತು. ಇನ್ನೊಂದು ಸುತ್ತು ತಿರುಗಿ ಅವರ ಅಂಗೈಗೆ ಬಿತ್ತು.

ಚಾಚಾ ಅದನ್ನು ಹಾಗೆಯೇ ಎತ್ತಿ ಜಿನ್ನಪ್ಪಣ್ಣನ ಮುಂದೆ ಹಿಡಿದರು.

"ಗಾಡಿ ಚಾಲೂ ಮಾಡಬ್ಯಾಡ್ರಿ ಅಣ್ಣಾರ. ನನಗ ತಿಳೀಲಾರದ ಗಾಡಿ ಇದು. ತಿಳಿದೇತಿ ಅನ್ಕೊಂಡು ತಪ್ಪ ಮಾಡೇನಿ. ಹೊಳಿ ಮುಟ್ಟತಿದ್ದಿಲ್ಲ ನೀವು."

ಜಿನ್ನಪ್ಪಣ್ಣ ನಟ್ಟನ್ನು ನೋಡಿದರು, ಗಾಲಿಯನ್ನು ನೋಡಿದರು, ಆಮೇಲೆ ಹೆಂಡತಿಯತ್ತ ನೋಡಿ ಕಟ್ಟೆಯ ಮೇಲೆ ಕೂತರು. ಅವರು ಹೇಳಿದ್ದು ಇಷ್ಟೇ, ನನ್ನ ಪಕ್ಕ ಯಾರು ಕೂತಿದ್ದಳು ಎಂಬುದು ನಿಮಗೆ ಗೊತ್ತಿತ್ತು, ನಿಮ್ಮ ಗಾಡಿ ನೀವು ಒಯ್ಯಿರಿ. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ನಾನು ನಿಪ್ಪಾಣಿಗೆ ಫೋನ್ ಮಾಡಿ ತಾತ್ಯಾಗೆ ಇದ್ದದ್ದನ್ನು ಇದ್ದ ಹಾಗೆ ತಿಳಿಸಿದೆ. ಆ ರಾತ್ರಿ ನಾವಿಬ್ಬರೂ ಅದೇ ಮನೆಯ ಪಡಸಾಲೆಯಲ್ಲಿ ಮಲಗಿದೆವು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಮನೆಗೆ ಬಂದವರು ಉಪವಾಸ ಮಲಗುವುದು ಜಿನ್ನಪ್ಪಣ್ಣನ ಅಕ್ಕನಿಗೆ ಸಂಕಟ. ಅಂಗಡಿಯಿಂದ ಏನಾದರೂ ತರಿಸಲೇ ಎಂದು ಮತ್ತೆ ಮತ್ತೆ ಕೇಳಿದರು. ಚಾಚಾ ಚಹಾ ಕೂಡ ಬೇಡವೆಂದರು. ಅವರು ಚಹಾ ಬೇಡವೆಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬೆಳಗಿನ ಮೊದಲ ಬಸ್ಸಿಗೆ ತಾತ್ಯಾ ನಟ್ಟು ಬಿಚ್ಚುವ ಪಾನಾಗಳ ಪೆಟ್ಟಿಗೆ ಹೊತ್ತುಕೊಂಡು ಬಂದಿಳಿದರು, ಜೊತೆಗೆ ಬಾಬುರಾವ್. ತಾತ್ಯಾ ಹೆಗಲ ಟವೆಲ್ ತೆಗೆದು ಕಂಕುಳಲ್ಲಿಟ್ಟುಕೊಂಡು, ನೆರೆದವರೆಲ್ಲ ಕೇಳುವಂತೆ, ಕೊಟ್ಟದ್ದೆಲ್ಲ ಹಿಂದಕ್ಕೆ ಕೊಡುತ್ತೇನೆ, ಮೇಲೆ ನೀವು ಹಾಕಿದ ದಂಡ ಕೊಡುತ್ತೇನೆ ಎಂದರು. ದುಡ್ಡಿನ ಮಾತನ್ನು ಅವರು ಬಾಯಿಬಿಟ್ಟು ಆಡಿದ್ದನ್ನು ನಾನು ಆವತ್ತು ಕೇಳಿದೆ. ನನಗೆ ಹೇಳಿಕೊಟ್ಟಿದ್ದ ಸುಳ್ಳಿನ ಸುದ್ದಿಯನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚಾಚಾ ಈ ಯಾವುದಕ್ಕೂ ಕಾಯದೆ ಹಬ್ ಬಿಚ್ಚಲು ಕೂತಿದ್ದರು. ಗಾಡಿ ಯಾರದಾದರೂ ಆಗಲಿ, ತಪ್ಪಾಗಿ ಇನ್ನೊಂದು ದಿನ ನಿಲ್ಲಬಾರದು ಎಂಬುದು ಅವರ ಹಟ. ಬಾಬುರಾವ್ ತೋರಿಸುತ್ತ ಹೋದ, ಚಾಚಾ ಎಳೆ ಮಿಸ್ತ್ರಿಯಂತೆ ಕೇಳಿ ಕೇಳಿ ಮಾಡಿದರು. ವೈನಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು.

ಆಗಷ್ಟೇ ಬಿಚ್ಚಿ ಕೂಡಿಸಿದ್ದ ಹಬ್‌ಗಳು ಈ ಸಲ ಬೇಗ ಕಳಚಿದವು, ನಾಲ್ಕೂ ಗಾಲಿ ಮರಳಿ ಏರಿದವು. ಜಿನ್ನಪ್ಪಣ್ಣ ಮಾತ್ರ ಜಗ್ಗಲಿಲ್ಲ. ಈ ಮಂದಿಯ ಗಾಡಿ ನಮಗೆ ಬೇಡವೇ ಬೇಡ ಎಂದು ಒಳಗೆ ಹೊರಟರು. ಆಗ ವೈನಿ ಮಾತಾಡಿದರು. ಗಂಡನಿಗೆ ಹೇಳಿದ ಮಾತು, ನಮಗೆಲ್ಲ ಕೇಳಿಸಿತು.

"ದವಾಖಾನ್ಯಾಗ ನನಗ ಒಮ್ಮಿ ಔಷಧ ತಪ್ಪ ಕೊಟ್ಟಿದ್ರು. ನಿಮಗೂ ಗೊತ್ತೈತಿ. ತಪ್ಪಾತು ಅಂತ ಹೇಳಾಕ ಒಬ್ರೂ ನನ್ನ ಮಂಚದ ತನಕ ಬರ್ಲಿಲ್ಲ. ಇವರು ನಿಪ್ಪಾಣಿಂದ ಬೆನ್ನಹತ್ತಿ ಬಂದಾರ. ಇವರ ಗಾಡಿ ಬ್ಯಾಡಂದ್ರ ಮತ್ತ ಯಾರ ಗಾಡಿ ತಗೋಳೋಣು?"

ಜಿನ್ನಪ್ಪಣ್ಣ ಹೊಸ್ತಿಲ ಮೇಲೆ ನಿಂತರು. ಚಾಚಾ ತಲೆ ತಗ್ಗಿಸಿದರು. ಆಯಿಲ್ ಹತ್ತಿದ ಕೈಯಿಂದ ಕಣ್ಣು ಒರೆಸಿಕೊಂಡದ್ದರಿಂದ ಅವರ ಕೆನ್ನೆಯ ಮೇಲೆ ಕಪ್ಪು ಬಳಿದು ಹೋಗಿತ್ತು. ವೈನಿ ಅವರ ಮುಂದೆ ಬಂದು ಸುತ್ತಿಗೆ ಕೇಳಿದರು. ಯಾವ ಕಡೆಗೆ ಹೊಡೆದರೆ ಬಿಗಿಯುತ್ತದೆ ತೋರಿಸಿರಿ, ಇನ್ನು ಮುಂದೆ ದಿನಾ ನಾನೇ ಹೊಡೆಯುತ್ತೇನೆ ಎಂದರು. ಎಡಗಡೆಗೆ ಹೀಗೆ, ಬಲಗಡೆಗೆ ಹೀಗೆ ಎಂದು ಚಾಚಾ ತೋರಿಸಿದರು. ವೈನಿ ನಾಲ್ಕೂ ಕಿವಿಗೆ ತಾವೇ ಹೊಡೆದರು. ಬೇನೆ ತಿಂದ ತೋಳು, ನಡುನಡುವೆ ನಿಂತು ದಮ್ಮು ತೆಗೆದುಕೊಂಡರು, ಆದರೆ ಸುತ್ತಿಗೆಯನ್ನು ಇನ್ನೊಬ್ಬರ ಕೈಗೆ ಕೊಡಲಿಲ್ಲ. ಚಾಚಾ ಜೇಬಿನಿಂದ ಸೀಮೆಸುಣ್ಣ ತೆಗೆದರು. ಗೆರೆ ಎಳೆಯುವ ಮುಂಚೆ ಜಿನ್ನಪ್ಪಣ್ಣನ ಮುಖ ನೋಡಿದರು. ಅವರು ಹೂಂ ಎಂದ ಮೇಲೆಯೇ ಎಳೆದರು.

ಕಾರು ಮುಂದೆ, ನಾನು ಮತ್ತು ಚಾಚಾ ಬುಲೆಟ್ಟಿನ ಮೇಲೆ ಹಿಂದೆ. ಸೇತುವೆಯ ಮೇಲೆ ಹಾಯುವಾಗ ಚಾಚಾ ನನ್ನ ಅಂಗಿಯನ್ನು ಹಿಂದಿನಿಂದ ಮುಷ್ಟಿಯಲ್ಲಿ ಹಿಡಿದಿದ್ದರು. ಕೆಳಗೆ ಹೊಳೆ ತುಂಬ ನೀರಿತ್ತು. ಆಚೆ ದಡ ಮುಟ್ಟಿದ ಮೇಲೆ ಕಾರು ಒಂದು ಬೇವಿನ ಮರದ ಕೆಳಗೆ ನಿಂತಿತು. ಚಾಚಾ ಇಳಿದು ಹೋಗಿ ಒಂದೊಂದೇ ಗಾಲಿಯ ಮುಂದೆ ಬಗ್ಗಿದರು. ನಾಲ್ಕನೆಯದನ್ನು ನೋಡಿ ಮುಗಿಸಿದರೂ ಎದ್ದೇಳಲಿಲ್ಲ, ಅಲ್ಲೇ ನೆಲದ ಮೇಲೆ ಕೂತರು. ಗೆರೆ ಒಂದೂ ಜರುಗಿರಲಿಲ್ಲ.

ಈ ಧಂದೆಗೆ ಬರುವ ಹುಡುಗರಿಗೆ ನಾನು ಹೇಳುವುದು ಬಹಳವಿಲ್ಲ. ನಿಮಗೆ ಗೊತ್ತಿಲ್ಲದ ಗಾಡಿ ಬಂದರೆ, ಗೊತ್ತಿದ್ದವರನ್ನು ಹುಡುಕಿಕೊಂಡು ಹೋಗಿ ಕೇಳಿರಿ. ಕೇಳದೆ ಮಾರಿದ್ದರೆ ಬೆನ್ನು ಹತ್ತಿ ಹೋಗಿರಿ. ಹೋದ ಮೇಲೆ ಸುಳ್ಳು ಹೇಳಬೇಡಿರಿ. ಇದನ್ನು ನಾನು ತಾತ್ಯಾನಿಂದ ಕಲಿಯಲಿಲ್ಲ, ಮಣಕಾಲೂರಿ ನಟ್ಟು ಎತ್ತಿ ಹಿಡಿದ ಆ ಮಿಸ್ತ್ರಿಯಿಂದ ಕಲಿತೆ. ಮುಂದೆ ಅಡ್ಡೆಗೆ ಹೊಸ ಬಗೆಯ ಕಾರುಗಳು ಬಂದವು, ಹಲವನ್ನು ನಾನು ಕಂಡೇ ಇರಲಿಲ್ಲ. ಒಂದನ್ನೂ ಕೇಳದೆ ಕೊಟ್ಟಿಲ್ಲ.

ಮರದ ಕೆಳಗೆ ವೈನಿ ಕಾರಿನಿಂದ ಇಳಿದು ಬಟ್ಟೆಯ ಗಂಟು ಬಿಚ್ಚಿದರು. ಒಳಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ. ಬೆಳಿಗ್ಗೆ ಹೊತ್ತು ಹುಟ್ಟಿದ ಕೂಡಲೇ ನಾದಿನಿಯ ಒಲೆ ಹೊತ್ತಿಸಿ ತಾವೇ ಬಡಿದು ಕಟ್ಟಿಟ್ಟಿದ್ದರಂತೆ. ಅಂದರೆ ಗಾಡಿ ಇಟ್ಟುಕೊಳ್ಳುವ ಮಾತು ಆಗುವುದಕ್ಕೂ ಎಷ್ಟೋ ಮುಂಚೆ. ಅವರು ರೊಟ್ಟಿ ಹಿಡಿದು ಚಾಚಾನ ಮುಂದೆ ಬಗ್ಗಿದರು.

"ರಾತ್ರಿ ನಿಮಗ ಉಣ್ಣಾಕ ಹಾಕೂದು ಆಗ್ಲಿಲ್ಲ," ಎಂದರು. "ಈಗ ಹೊತ್ತು ಹುಟ್ಟೇತಿ. ಉಣ್ಣರಿ."

ಚಾಚಾ ಎರಡೂ ಕೈ ಒಡ್ಡಿ ರೊಟ್ಟಿ ತೆಗೆದುಕೊಂಡರು.